ಹೇಳದೆ ಹೋಗಬಾರದು

ಜೂನ್ ತಿಂಗಳ ಮೊದಲ ವಾರ ಭದ್ರಾವತಿಯ ನಮ್ಮ ಶಿಶುವಿಹಾರದ ಗೇಟಿನ ಬಳಿ ನಿಂತರೆ ದೊಡ್ಡವರು ಕಳ್ಳರ ಹಾಗೆ ಓಡುವುದನ್ನು ನೋಡಬಹುದಿತ್ತು. ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು, "ಅಲ್ನೋಡು ಕಾಗೆ" ಎಂದು ಕಿಟಕಿಯ ಕಡೆ ತೋರಿಸಿ, ಅದು ತಿರುಗಿದ ಕ್ಷಣದಲ್ಲಿ ಚಪ್ಪಲಿ ಮೆಟ್ಟುವಷ್ಟೂ ಪುರುಸೊತ್ತಿಲ್ಲದೆ ಹೊರಗೆ ಬಂದುಬಿಡುತ್ತಿದ್ದರು. ಹಾಗೆ ಬಂದ ಒಬ್ಬ ಎತ್ತರದ ತಂದೆಯನ್ನು ದೊಡ್ಡ ಮಿಸ್ ಸೈಕಲ್ಲಿನ ಕ್ಯಾರಿಯರ್ ಹಿಡಿದು ನಿಲ್ಲಿಸಿದ್ದು ನಾನು ಕೆಲಸಕ್ಕೆ ಸೇರಿದ ವಾರವೇ.

"ಸಾರ್, ಎಲ್ಲಿಗೆ?"

"ಜನರಲ್ ಶಿಫ್ಟು ಮಿಸ್. ಲೇಟಾಗುತ್ತೆ."

"ಆಗ್ಲಿ. ಒಳಗೆ ಬಂದು ಮಗಳ ಮುಖ ನೋಡಿ, ಹೇಳಿ ಹೋಗಿ."

"ಹೇಳಿದ್ರೆ ಅಳ್ತಾಳೆ ಮಿಸ್."

"ಹೇಳ್ದೆ ಹೋದ್ರೂ ಅಳ್ತಾಳೆ. ಆಮೇಲೆ ನಾಳೆಯಿಂದ ಮನೇಲಿ ನೀವು ನೀರು ಕುಡಿಯೋಕೆ ಎದ್ರೂ ಅಳ್ತಾಳೆ. ಯಾವುದು ವಾಸಿ?"

ಆತ ಸೈಕಲ್ ಸ್ಟ್ಯಾಂಡ್ ಹಾಕಿ ಒಳಗೆ ಹೋಗಿ ಹೇಳಿದರು. ಮಗು ಇಪ್ಪತ್ತು ನಿಮಿಷ ಅತ್ತಿತು. ಇಪ್ಪತ್ತು ನಿಮಿಷ ಎಂದು ಬರೆದೆನಲ್ಲ, ನಾನು ಗಡಿಯಾರ ನೋಡಿದ್ದೆನೆ? ನೋಡಿರಲಿಲ್ಲ. ಅಷ್ಟಿರಬಹುದು ಎಂದು ಈಗ ಅನ್ನಿಸುತ್ತಿದೆ. ಈ ಬರಹದಲ್ಲಿ ಇಂಥವು ಇನ್ನೂ ಬರುತ್ತವೆ. ಗೊತ್ತಾದ ಕಡೆ ಹೇಳುತ್ತೇನೆ.

ದೊಡ್ಡ ಮಿಸ್ ಎಂದು ಅವರನ್ನು ಕರೆದವರು ಮಕ್ಕಳು. ನಾನು ಚಿಕ್ಕ ಮಿಸ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ನೆನಪಿನಲ್ಲಿ ಏನಾದರೂ ಸುಳ್ಳು ಸೇರಿದ್ದರೆ ಅದು ಅವರ ಹೆಸರಿಗೆ ಅಂಟಿಕೊಳ್ಳುವುದು ಬೇಡ. ಹೋದ ತಿಂಗಳು ಅವರು ತೀರಿಕೊಂಡರು. ಅದಕ್ಕೂ ಕೆಲವು ವರ್ಷ ಮೊದಲು, ಅವರ ನಿವೃತ್ತಿಯ ಸಮಾರಂಭಕ್ಕೆ ಒಂದು ಪುಟ್ಟ ಸಂಚಿಕೆ ತರುತ್ತೇವೆ, ಬರೆದುಕೊಡಿ ಎಂದು ಯಾರೋ ಕೇಳಿದ್ದರು. ಮೂರು ಸಲ ಕೂತೆ. ಮೂರು ಸಲವೂ ಒಂದೇ ಕಡೆ ಪೆನ್ನು ನಿಂತಿತು. ಒಂದು ಮಧ್ಯಾಹ್ನ ಒಬ್ಬ ತಾಯಿಗೆ ಹೇಳಲೇಬೇಕಾಗಿದ್ದ ಒಂದು ಮಾತಿತ್ತು. ತಪ್ಪು ನನ್ನದು. ಆ ಮಾತನ್ನು ನಾನು ಹೇಳಿದೆನೋ ಅಥವಾ ನನ್ನ ಪರವಾಗಿ ಅವರು ಹೇಳಿದರೋ ನನಗೆ ಖಚಿತವಿರಲಿಲ್ಲ. ಅದು ಗೊತ್ತಿಲ್ಲದೆ ಅವರ ಬಗ್ಗೆ ಬರೆಯುವ ಹಕ್ಕು ನನಗಿಲ್ಲ ಅನ್ನಿಸಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆ. ಕೆಲಸ ಸಿಗುವ ತನಕ ಹೋಗು ಎಂದು ಅಪ್ಪನ ಪರಿಚಯದವರೊಬ್ಬರು ಈ ಶಿಶುವಿಹಾರಕ್ಕೆ ಕಳಿಸಿದರು. ಕಾರ್ಖಾನೆಗೆ ಹೋಗುವ ಮುಖ್ಯ ರಸ್ತೆಯ ಪಕ್ಕದ ಒಂದು ಹಳೆಯ ಮನೆ. ಹೆಂಚಿನ ಮಾಡು, ಉದ್ದನೆಯ ಜಗಲಿ, ಒಂದು ದೊಡ್ಡ ಕೋಣೆ, ಹಿತ್ತಲು. ಮೂರರಿಂದ ಐದು ವರ್ಷದ ಮೂವತ್ತು ಮಕ್ಕಳು. ಮನೆಯಲ್ಲಿ ತಮಿಳು ಮಾತಾಡುವವರು, ತೆಲುಗಿನವರು, ಉರ್ದುವಿನವರು, ಕನ್ನಡದವರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ದೊಡ್ಡ ಮಿಸ್ ಆಗ ಐವತ್ತರ ಆಸುಪಾಸಿನವರು. ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ, ಸೊಂಟಕ್ಕೆ ಸಿಕ್ಕಿಸಿದ ಒಂದು ಕರ್ಚೀಫು. ಆ ಒಂದೇ ಕರ್ಚೀಫಿನಲ್ಲಿ ಬೆಳಗಿನಿಂದ ಎಷ್ಟು ಮೂಗುಗಳು ಒರೆಸಲ್ಪಡುತ್ತಿದ್ದವೋ ನಾನು ಲೆಕ್ಕ ಇಡಲಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಆಮೇಲೆ ಒಂದು ವರ್ಷದ ನರ್ಸರಿ ತರಬೇತಿ. ಮಕ್ಕಳ ಎದುರು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಇಬ್ಬರೇ ಇದ್ದಾಗ 'ನೀನು', 'ಮಾರಾಯ್ತಿ'. ನನ್ನ ಓದಿನ ಬಗ್ಗೆ ಅವರಿಗೆ ಕುತೂಹಲವಿತ್ತು, ಭಯವಿರಲಿಲ್ಲ. "ಮಗು ತಾಯಿನ ಬಿಟ್ಟಿರೋಕೆ ಹೆದರುತ್ತಲ್ಲ, ಅದಕ್ಕೆ ನಿಮ್ಮ ಪುಸ್ತಕದಲ್ಲಿ ಏನಂತಾರೆ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. "ಒಳ್ಳೆ ಹೆಸರು ಇಟ್ಟಿದಾರೆ" ಎಂದು ಎದ್ದು ಹೋಗುತ್ತಿದ್ದರು.

ಶಾಲೆ ಶುರುವಾಗುವ ಎರಡು ದಿನ ಮೊದಲು ಅವರದೊಂದು ಕೆಲಸವಿತ್ತು. ಸೆರಗು ಸಿಕ್ಕಿಸಿ, ನೆಲಕ್ಕೆ ಮಂಡಿಯೂರಿ, ಜಗಲಿಯಿಂದ ಹಿತ್ತಲಿನವರೆಗೆ ಅಂಬೆಗಾಲಿಡುವುದು. ನಾನು ನೋಟ್‌ಬುಕ್ ಹಿಡಿದು ನಿಂತಿದ್ದೆ.

"ನೀನೂ ಬಗ್ಗು ಮಾರಾಯ್ತಿ. ಎಂ.ಎ. ಮಾಡಿದೋರ ಮಂಡಿ ಬಗ್ಗಲ್ವಾ?"

ಬಗ್ಗಿದೆ. ಆ ಎತ್ತರದಿಂದ ಕೋಣೆಯೇ ಬೇರೆಯಾಗಿತ್ತು. ಬೆಂಚುಗಳ ಮೂಲೆಗಳೆಲ್ಲ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಇದ್ದವು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ನಾಲಿಗೆ ಚಾಚಿದ್ದ ದೇವತೆ ಕೆಳಗಿನಿಂದ ನೋಡಿದರೆ ನಮ್ಮನ್ನೇ ದಿಟ್ಟಿಸುತ್ತಿದ್ದಳು. ಬಚ್ಚಲ ಬಾಗಿಲಿನ ಆಚೆ ಬರೀ ಕತ್ತಲೆ. ಸಂಜೆಯೊಳಗೆ ಕ್ಯಾಲೆಂಡರ್ ಅಡುಗೆಮನೆಗೆ ಹೋಯಿತು. "ತಾಯೀ, ನಿನ್ನ ಮೇಲೆ ಕೋಪ ಇಲ್ಲ, ಒಳಗಿರು" ಎಂದು ಕೈಮುಗಿದೇ ಇಳಿಸಿದರು. ಪಕ್ಕದ ಸೈಕಲ್ ಶಾಪಿನಿಂದ ಹಳೆಯ ಟ್ಯೂಬು ತರಿಸಿ ಬೆಂಚಿನ ಮೂಲೆಗಳಿಗೆಲ್ಲ ಸುತ್ತಿ ಮೊಳೆ ಹೊಡೆಸಿದರು. ಬಚ್ಚಲ ಬಾಗಿಲನ್ನು ಬಡಗಿಯಿಂದ ಅರ್ಧಕ್ಕೆ ಕೊಯ್ಯಿಸಿದರು, ಒಳಗೆ ಕೂತ ಮಗುವಿಗೆ ಹೊರಗೆ ನಿಂತವರ ಕಾಲು ಕಾಣಬೇಕು ಎಂದು. ಆ ಮನೆಯಲ್ಲಿ ಮಕ್ಕಳ ಕೈಗೆಟಕುವ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಹಿತ್ತಲ ಸಣ್ಣ ಗೇಟಿಗೂ ಇರಲಿಲ್ಲ. ಈ ಗೇಟಿನ ಮಾತನ್ನು ಮುಂದೆ ಹೇಳಬೇಕಾಗುತ್ತದೆ.

ಹೆದರಿಸುವ ಮಾತು ಅಲ್ಲಿ ನಿಷಿದ್ಧ. ಗುಮ್ಮ, ಪೊಲೀಸು, ಸೂಜಿ ಚುಚ್ಚುವ ಡಾಕ್ಟರು ಯಾರನ್ನೂ ಕರೆಯುವಂತಿರಲಿಲ್ಲ. ನಮ್ಮ ಆಯಾ ಮುನಿಯಮ್ಮನಿಗೆ ಇದು ದೊಡ್ಡ ಕಷ್ಟ. ಒಮ್ಮೆ ಊಟ ಮಾಡದ ಹುಡುಗಿಗೆ "ಡಾಕ್ಟರ್ ಬಂದು ಸೂಜಿ ಹಾಕ್ತಾರೆ" ಎಂದುಬಿಟ್ಟಳು. ದೊಡ್ಡ ಮಿಸ್ ಕೇಳಿಸಿಕೊಂಡರು.

"ಮುನಿಯಮ್ಮ, ಹೋದ ವಾರ ಕಾಲಿಗೆ ಮೊಳೆ ಚುಚ್ಚಿತ್ತಲ್ಲ, ಆಸ್ಪತ್ರೆಗೆ ಹೋದ್ಯಾ?"

"ಇಲ್ಲ ಮಿಸ್. ಭಯ."

"ಯಾರು ಕಲಿಸಿದ್ದು ಆ ಭಯ?"

"ನಮ್ಮಮ್ಮ."

"ಅಲ್ಲಿಗೇ ನಿಲ್ಸು. ಇವಳಿಗೆ ಕಲಿಸ್ಬೇಡ."

ಮುನಿಯಮ್ಮ ತಟ್ಟೆ ಎತ್ತಿಕೊಂಡು ನನ್ನ ಕಡೆ ತಿರುಗಿ ಗೊಣಗಿದಳು. "ಗುಮ್ಮನೂ ಬೇಡ, ಪೊಲೀಸೂ ಬೇಡ, ಸೂಜಿನೂ ಬೇಡ. ಹಂಗಂದ್ರೆ ಅನ್ನ ಹೆಂಗ್ ಹೋಗುತ್ತೆ ಒಳಗೆ?"

"ಹಸಿವಾದ್ರೆ ಹೋಗುತ್ತೆ" ಎಂದರು ದೊಡ್ಡ ಮಿಸ್, ಬೆನ್ನು ಹಾಕಿ ಕೂತಿದ್ದವರು.

ಅವರಿಗೆ ಕೋಪವೇ ಬರುತ್ತಿರಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಬರುತ್ತಿತ್ತು. ಬಂದಾಗ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯಲು ಕೂರುತ್ತಿದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಮುನಿಯಮ್ಮ ಜಗಲಿಯಲ್ಲಿ ಕಾಲು ಚಾಚಿ, "ಯಾರೋ ಪುಣ್ಯಾತ್ಮರು ಮಿಸ್‌ಗೆ ಸಿಟ್ಟು ಬರ್ಸಿದಾರೆ, ಇವತ್ತು ನಂಗೆ ಕೆಲಸ ಕಮ್ಮಿ" ಅನ್ನುತ್ತಿದ್ದಳು. ಮೊಂಡುತನವೂ ಇತ್ತು. ಕಚೇರಿಯಿಂದ ಬಂದವರು ಹಾಜರಿ ಪುಸ್ತಕ ಕೇಳಿದರೆ, "ಮಕ್ಕಳನ್ನ ಎಣಿಸ್ಕೊಳ್ಳಿ, ಅಲ್ಲೇ ಇದಾವೆ" ಎಂದು ಉತ್ತರ. ಮಕ್ಕಳು ಮಲಗುವ ಹೊತ್ತಿನಲ್ಲಿ ಅವಕ್ಕಿಂತ ಮೊದಲು ತಾವೇ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳಿದರೆ ಮಕ್ಕಳು ಸುಮ್ಮನಾಗುತ್ತಿದ್ದವು ಎಂಬುದೂ ನಿಜ.

ಮೂರು ವರ್ಷದ ಮಗುವಿಗೆ ಎರಡು ಗಂಟೆ ಎಂದರೆ ಏನು? ಏನೂ ಅಲ್ಲ. ಅದಕ್ಕೆ ಅವರದೊಂದು ಉಪಾಯವಿತ್ತು. ಕಾರ್ಖಾನೆಯ ಸೈರನ್. ಪಾಳಿ ಬದಲಾಗುವ ಮಧ್ಯಾಹ್ನ ಎರಡಕ್ಕೆ ಅದು ಕೂಗಿದರೆ ಊರಿಡೀ ಕೇಳುತ್ತಿತ್ತು. ನಮ್ಮ ಶಾಲೆ ಬಿಡುವುದೂ ಅದೇ ಹೊತ್ತಿಗೆ. ಹೊಸ ಮಗು ಅತ್ತಾಗ ದೊಡ್ಡ ಮಿಸ್ ಅದರ ಪಕ್ಕ ಕೂತು ಒಂದೊಂದಾಗಿ ಹೇಳುತ್ತಿದ್ದರು. "ಈಗ ಆಟ. ಆಮೇಲೆ ಊಟ. ಆಮೇಲೆ ನಿದ್ದೆ. ಆಮೇಲೆ ಸೈರನ್ ಕೂಗುತ್ತೆ. ಅಮ್ಮ ಬರ್ತಾರೆ." ಒಂದು ವಾರದಲ್ಲಿ ಮಗು ತಾನೇ ಬೆರಳು ಮಡಚಿ ಲೆಕ್ಕ ಹಾಕುತ್ತಿತ್ತು. ಸೈರನ್ ಕೂಗಿದ ಕೂಡಲೇ ಮೂವತ್ತು ಮಕ್ಕಳು ಎದ್ದು ಚೀಲ ಬೆನ್ನಿಗೇರಿಸುವುದನ್ನು ನೋಡಿದರೆ ಪಾಳಿ ಮುಗಿಸಿದ ಕೆಲಸಗಾರರ ಹಾಗೆಯೇ ಕಾಣುತ್ತಿತ್ತು.

ನಸ್ರೀನ್ ಸೇರಿದ್ದು ನನ್ನ ಎರಡನೆಯ ವರ್ಷದಲ್ಲಿ. ನಾಲ್ಕು ವರ್ಷ. ತಂದೆ ಲಾರಿ ಓಡಿಸುತ್ತಿದ್ದರು, ತಾಯಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನಸ್ರೀನ್ ಮಾತು ಕಡಿಮೆ, ಹೇಳಿದ್ದನ್ನು ಮರೆಯದ ಮಗು. ನೀವು ನಿನ್ನೆ ಕೆಂಪು ಬಣ್ಣ ಕೊಡುತ್ತೇನೆ ಎಂದಿದ್ದರೆ ಇವತ್ತು ಬಂದು ಕೈ ಚಾಚುತ್ತಿದ್ದಳು.

ಆ ದಿನ ದೊಡ್ಡ ಮಿಸ್ ಯಾವುದೋ ಸಭೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಶಾಲೆ ನನ್ನ ಮತ್ತು ಮುನಿಯಮ್ಮನ ಕೈಯಲ್ಲಿತ್ತು. ಬೆಳಿಗ್ಗೆ ನಸ್ರೀನಳ ತಾಯಿ ಗಾಬರಿಯಲ್ಲಿ ಬಂದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರ ತಂಗಿಗೆ ಹೆರಿಗೆ ನೋವು ಶುರುವಾಗಿತ್ತು.

"ಮಿಸ್, ಹೇಳಿದ್ರೆ ಇವಳು ಬಿಡಲ್ಲ. ಬಸ್ ಹೊರಟುಹೋಗುತ್ತೆ. ಆಟದಲ್ಲಿರೋವಾಗ ಹಂಗೇ ಹೋಗ್ತೀನಿ. ಎರಡೂವರೆ, ಮೂರು ಆಗ್ಬಹುದು ಬರೋದು."

ನಾನು ಬೇಡ ಎನ್ನಬೇಕಿತ್ತು. ಸ್ವಲ್ಪ ಯೋಚಿಸಿದೆ ಎಂದು ಬರೆಯಲು ಆಸೆಯಾಗುತ್ತದೆ. ಯೋಚಿಸಿದ ನೆನಪಿಲ್ಲ. ತಲೆಯಾಡಿಸಿದೆ. ಆಕೆ ಹೋದರು.

ಸ್ವಲ್ಪ ಹೊತ್ತಿಗೆ ನಸ್ರೀನ್ ತಲೆಯೆತ್ತಿ ಜಗಲಿಯ ಕಡೆ ನೋಡಿದಳು. "ಅಮ್ಮಿ ಕಾಂ ಗಯೀ?" ಅಮ್ಮ ಎಲ್ಲಿ ಎಂದು ಅವಳ ಪ್ರಶ್ನೆ.

"ಸೈರನ್ ಕೂಗಿದ ತಕ್ಷಣ ಬರ್ತಾರೆ" ಎಂದೆ. ಬರುವುದು ತಡವಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಿದರೆ ಅಳು ಹೆಚ್ಚೀತು ಎಂದು ಹೇಳಲಿಲ್ಲ. ಅವಳು ಅಳಲಿಲ್ಲ. ನಾನು ಹೇಳಿದ್ದನ್ನು ನಂಬಿ ಮತ್ತೆ ಆಟಕ್ಕೆ ಕೂತಳು.

ಅಂದು ಸೈರನ್ ಕೂಗಲಿಲ್ಲ.

ಗಡಿಯಾರ ನೋಡಿಕೊಂಡೇ ತಾಯಂದಿರು ಒಬ್ಬೊಬ್ಬರಾಗಿ ಬಂದರು. "ಇವತ್ತು ಸೈರನ್ನೇ ಇಲ್ವಲ್ಲ ಮಿಸ್?" "ಏನೋ ರಿಪೇರಿಯಂತೆ." ಮುಂದಿನ ಗೇಟಿನಲ್ಲಿ ನಿಂತು ಮಕ್ಕಳನ್ನು ಒಪ್ಪಿಸುತ್ತಿದ್ದೆ. ಮುನಿಯಮ್ಮ ಚಾಪೆ ಸುತ್ತುತ್ತಿದ್ದಳು. ಕೊನೆಯ ಮಗು ಹೋದ ಮೇಲೆ ಒಳಗೆ ಬಂದರೆ ಗೂಟದಲ್ಲಿ ಒಂದೇ ಒಂದು ಚೀಲ ನೇತಾಡುತ್ತಿತ್ತು. ಮಗು ಇರಲಿಲ್ಲ.

ಬಚ್ಚಲು ನೋಡಿದೆವು. ಬೀರುವಿನ ಹಿಂದೆ, ಅಡುಗೆಮನೆ, ಸೌದೆ ಇಡುವ ಮೂಲೆ. ಹಿತ್ತಲ ಗೇಟು ತೆರೆದಿತ್ತು. ಅದರಾಚೆ ಓಣಿ, ಓಣಿಯ ಒಂದು ತುದಿಗೆ ಲಾರಿಗಳು ಓಡುವ ರಸ್ತೆ, ಇನ್ನೊಂದು ತುದಿಗೆ ನೀರು ತುಂಬಿ ಹರಿಯುವ ಚಾನೆಲ್. ಮುನಿಯಮ್ಮ ನಸ್ರೀನಳ ಮನೆಯ ಕಡೆ ಓಡಿದಳು. ನಾನು ಚಾನೆಲ್ ಕಡೆ ಹೋಗಿ, ನೀರು ನೋಡಿ, ಏನು ಹುಡುಕುತ್ತಿದ್ದೇನೆ ಎಂದು ನನಗೇ ತಿಳಿದು, ತಿರುಗಿ ಓಡಿಬಂದೆ. ದೊಡ್ಡ ಮಿಸ್ ಆಗಷ್ಟೇ ಬಸ್ಸಿಳಿದು ಗೇಟಿನ ಹತ್ತಿರ ಬಂದಿದ್ದರು. ನಸ್ರೀನಳ ಹೆಸರು ಮಾತ್ರ ಹೇಳಿದೆ.

"ಓಡ್ಬೇಡ. ನಿಂತ್ಕೋ. ಬೆಳಿಗ್ಗೆ ಅವಳಿಗೆ ಏನು ಹೇಳ್ದೆ?"

"ಅಮ್ಮಿ ಬರ್ತಾರೆ ಅಂದೆ."

"ಹಾಗಲ್ಲ. ನೀನು ಆಡಿದ ಮಾತನ್ನೇ ಹೇಳು."

"ಸೈರನ್ ಕೂಗಿದ ತಕ್ಷಣ ಬರ್ತಾರೆ ಅಂದೆ."

"ಕೂಗ್ತಾ?"

"ಇಲ್ಲ ಮಿಸ್."

ಅವರು ಕೈಯಲ್ಲಿದ್ದ ಬ್ಯಾಗನ್ನು ಜಗಲಿಯ ಮೇಲೆ ಎಸೆದು ಕಾರ್ಖಾನೆಯ ಕಡೆ ಹೊರಟರು. ನಾನು ಹಿಂದೆ. ಯಾಕೆ ಆ ಕಡೆ ಎಂದು ಕೇಳುವಷ್ಟು ಬುದ್ಧಿ ನನ್ನಲ್ಲಿ ಉಳಿದಿರಲಿಲ್ಲ.

ಕಾರ್ಖಾನೆಯ ಗೇಟಿನ ಪಕ್ಕ, ಕಾವಲುಗಾರನ ಸ್ಟೂಲಿನ ಮೇಲೆ ನಸ್ರೀನ್ ಕೂತಿದ್ದಳು. ಕೈಯಲ್ಲಿ ಅರ್ಧ ತಿಂದ ಬನ್ನು. ಎದುರಿಗೆ ಗಿರಿಜಾ ಮೀಸೆಯ ಕಾವಲುಗಾರ ಸೋತು ನಿಂತಿದ್ದ.

"ನಿಮ್ ಪಾಪುನಾ ಮೇಡಂ? ಕೇಳಿ ಇಲ್ಲಿ, ಬಂದಾಗ್ನಿಂದ ಒಂದೇ ಹಠ, ಸೈರನ್ ಕೂಗ್ಸಿ ಅಂತ. ನನ್ ಕೈಲಿಲ್ಲಮ್ಮಾ ಅಂದ್ರೆ ಕೇಳಲ್ಲ. ಕೊನೆಗೆ ನಾನೇ ಬಾಯಲ್ಲಿ ಕೂಗ್ದೆ. ಅದಲ್ಲ ಅಂತಾಳೆ!"

ನಸ್ರೀನ್ ನಮ್ಮನ್ನು ನೋಡಿ ಅಳಲಿಲ್ಲ. ದೂರು ಹೇಳುವವಳ ಹಾಗೆ ಹೇಳಿದಳು. "ಕೂಗ್ಲಿಲ್ಲ ಮಿಸ್. ಅದಕ್ಕೇ ಅಮ್ಮಿಗೆ ಗೊತ್ತಾಗಿಲ್ಲ."

ಅಮ್ಮಂದಿರನ್ನು ಕರೆಯುವುದೇ ಸೈರನ್ನಿನ ಕೆಲಸ ಎಂದು ಅವಳು ತಿಳಿದಿದ್ದಳು. ನಾವೇ ತಿಳಿಸಿದ್ದೆವು. ಅದು ಕೂಗಲು ಮರೆತಿದೆ, ಹೋಗಿ ನೆನಪಿಸಿದರೆ ಅಮ್ಮಿ ಬರುತ್ತಾಳೆ. ಅದಕ್ಕಾಗಿ ಆ ರಸ್ತೆ ದಾಟಿದ್ದಳು. ಒಬ್ಬಳೇ ದಾಟಿದಳೋ, ಪಾಳಿಗೆ ಹೊರಟ ಯಾರಾದರೂ ಕೈಹಿಡಿದು ದಾಟಿಸಿದರೋ ಯಾರಿಗೂ ಗೊತ್ತಾಗಲಿಲ್ಲ.

ದೊಡ್ಡ ಮಿಸ್ ಅಲ್ಲೇ ಮಣ್ಣಿನ ಮೇಲೆ ಕೂತರು. ಈಗ ಅವರ ಮುಖ ಸ್ಟೂಲಿಗಿಂತ ಕೆಳಗಿತ್ತು.

"ಹೌದಮ್ಮ, ಕೂಗ್ಲಿಲ್ಲ. ನಾವು ನಿಂಗೆ ಹೇಳಿದ್ದು ತಪ್ಪಾಯ್ತು. ಸೈರನ್ ಕೂಗದಿದ್ರೂ ಅಮ್ಮಿ ಬರ್ತಾರೆ."

"ಕಬ್?"

"ಎಷ್ಟೊತ್ತಿಗೆ ಅಂತ ನಂಗೂ ಗೊತ್ತಿಲ್ಲ. ಬರೋ ತನಕ ನಾನು ನಿನ್ನ ಹತ್ರ ಇರ್ತೀನಿ. ಅದು ಗೊತ್ತು."

ನಸ್ರೀನ್ ಸ್ವಲ್ಪ ಯೋಚಿಸಿ ಬನ್ನಿನ ಉಳಿದ ಭಾಗವನ್ನು ಅವರಿಗೆ ಕೊಟ್ಟಳು. ಅವರು ಅದನ್ನು ತಿಂದರು. ಬೆಳಗಿನಿಂದ ಅವರಿಗೂ ಊಟವಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ತಿರುಗಿ ಬರುವಾಗ ದಾರಿಯಲ್ಲಿ ನಾನು ಕೇಳಿದ ಪ್ರಶ್ನೆ ಮಾತ್ರ ಅಕ್ಷರ ಅಕ್ಷರ ನೆನಪಿದೆ. ಅದನ್ನು ಮರೆಯಬೇಕೆಂದು ಪ್ರಯತ್ನಪಟ್ಟಿದ್ದರಿಂದಲೇ ಇರಬೇಕು. "ಮಗು ಸಿಕ್ತಲ್ಲ ಮಿಸ್. ಅವಳ ತಾಯಿಗೆ ಹೇಳ್ಲೇಬೇಕಾ?"

ಅವರು ನಡೆಯುತ್ತಲೇ ಹೇಳಿದರು. "ಗೇಟು ನನ್ನ ತಪ್ಪು. ಮಾತು ನಿನ್ನ ತಪ್ಪು. ಎರಡೂ ಹೇಳ್ಬೇಕು."

"ಎರಡೂ ನೀವೇ ಹೇಳಿ ಮಿಸ್. ನನ್ ಕೈಲಾಗಲ್ಲ."

ಇದಕ್ಕೆ ಅವರು ಏನೆಂದರು? ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಜಗಲಿಯ ಕಂಬದ ಪಕ್ಕ ನಿಂತು ನಸ್ರೀನಳ ತಾಯಿಗೆ ಹೇಳುತ್ತಿದ್ದೇನೆ, ಆಕೆಯ ಬುರ್ಖಾದ ಅಂಚಿಗೆ ಮೆತ್ತಿದ್ದ ಕೆಂಪು ಧೂಳೂ ಕಾಣುತ್ತಿದೆ. ಇನ್ನೊಂದರಲ್ಲಿ ನಾನು ಒಳಗೆ ನಸ್ರೀನಳ ಟಿಫನ್ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದೇನೆ, ಹೊರಗೆ ದೊಡ್ಡ ಮಿಸ್ ಮೆಲ್ಲಗೆ ವಿವರಿಸುತ್ತಿದ್ದಾರೆ. ಎರಡೂ ಅಷ್ಟೇ ಸ್ಪಷ್ಟ. ದಿನಚರಿ ತೆಗೆದು ನೋಡಿದೆ. ಅಂದಿನ ಪುಟದಲ್ಲಿರುವುದು ಇಷ್ಟು: "ನಸ್ರೀನ್ ಸಿಕ್ಕಳು. ದೇವರು ದೊಡ್ಡವನು. ವಿಪರೀತ ತಲೆನೋವು." ಹೇಳಿದ್ದರ ಬಗ್ಗೆ ಒಂದು ಸಾಲಿಲ್ಲ. ದಿನಾ ಬರೆಯುವವಳು ಅದನ್ನೇ ಯಾಕೆ ಬಿಟ್ಟೆ? ಹೇಳಿರದಿದ್ದರೆ ನಾಚಿಕೆಯಿಂದ ಬಿಟ್ಟಿರಬಹುದು. ಹೇಳಿದ್ದರೂ ನಾಚಿಕೆಯಿಂದಲೇ ಬಿಟ್ಟಿರಬಹುದು.

ಎರಡೂ ನೆನಪುಗಳಲ್ಲಿ ಇರುವ ಸಂಗತಿ ಇದೊಂದೇ. ಎಲ್ಲ ಕೇಳಿದ ತಾಯಿ ಮಗಳ ಕಡೆ ಕೈ ಎತ್ತಿದರು. ದೊಡ್ಡ ಮಿಸ್ ನಡುವೆ ಬಂದರು. "ಅವಳಿಗೆ ಹೊಡೀಬೇಡಿ. ನಾವು ಹೇಳಿದ್ದನ್ನ ನಂಬಿದ್ಲು, ಅಷ್ಟೇ."

ಮಾರನೆಯ ದಿನ ಹಿತ್ತಲ ಗೇಟಿಗೆ, ದೊಡ್ಡವರಿಗೆ ಮಾತ್ರ ಎಟುಕುವಷ್ಟು ಎತ್ತರದಲ್ಲಿ ಚಿಲಕ ಬಿತ್ತು. ದೊಡ್ಡ ಮಿಸ್ ತಾವೇ ಬಡಗಿಯನ್ನು ಕರೆತಂದಿದ್ದರು. ಹಾಕುವುದನ್ನು ನೋಡುತ್ತ ನಿಂತು, "ಚಿಲಕ ಅಂದ್ರೆ ನಂಗೆ ಆಗಲ್ಲ ಅಂತ ಎಲ್ಲಾ ಕಡೆ ತೆಗ್ಸಿದ್ದೆ. ನನ್ನ ಹಠಕ್ಕೆ ಆ ಮಗು ರಸ್ತೆಗೆ ಹೋಯ್ತು" ಎಂದರು. ಸೈರನ್ನಿನ ಮಾತನ್ನು ಕೈಬಿಟ್ಟರು. ಅಂದಿನಿಂದ ಹೊಸ ಮಗುವಿಗೆ ಹೇಳುತ್ತಿದ್ದದ್ದು ಯಾರು ಬರುತ್ತಾರೆ, ಬರುವ ತನಕ ಯಾರು ಜೊತೆಗಿರುತ್ತಾರೆ ಎಂದು.

ನಸ್ರೀನ್ ಮೂರು ದಿನ ಬರಲಿಲ್ಲ. ಆ ಮೂರು ದಿನ ನಾನು ಬಸ್ಸಿಳಿದು ಗೇಟಿನ ತನಕ ನಡೆಯುವುದೇ ಕಷ್ಟವಾಯಿತು. ನಾಲ್ಕನೆಯ ದಿನ ತಾಯಿಯ ಸೆರಗು ಹಿಡಿದು ಬಂದಳು, ಬಿಡಲಿಲ್ಲ. ದೊಡ್ಡ ಮಿಸ್ ಜಗಲಿಯಲ್ಲಿ ಚಾಪೆ ಹಾಕಿದರು. "ನಸ್ರೀನ್ ಅಮ್ಮ, ಇಲ್ಲೇ ಕೂತ್ಕೊಳ್ಳಿ. ಹುಕ್ಕು, ಗುಂಡಿ ಹಾಕೋ ಕೆಲಸ ಇದ್ರೆ ತಂದ್ಕೊಳ್ಳಿ. ಎಷ್ಟು ದಿನ ಆದ್ರೂ ಸರಿ." ಆಕೆ ರವಿಕೆಗಳ ಗಂಟು ತಂದು ಕೂತರು. ಮಗಳು ನಿಮಿಷಕ್ಕೊಮ್ಮೆ ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದಳು. ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ. ನಾನು ಕರೆದರೆ ದೊಡ್ಡ ಮಿಸ್ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

"ನನ್ನ ನಂಬಲ್ಲ ಮಿಸ್ ಅವಳು" ಎಂದೆ.

"ಯಾಕೆ ನಂಬ್ಬೇಕು? ಈಗ ಒಂದು ಕೆಲಸ ಮಾಡು. ದಿನಾ ಬೆಳಿಗ್ಗೆ ಅವಳಿಗೆ ಒಂದು ಮಾತು ಕೊಡು. ದೊಡ್ಡದು ಬೇಡ. ಊಟಕ್ಕೆ ಮುಂಚೆ ನಿನ್ನ ಕೈ ನಾನೇ ತೊಳೆಸ್ತೀನಿ ಅನ್ನು. ತೊಳೆಸು. ಅಷ್ಟು ಸಾಕು. ನಾಳೆ ಇನ್ನೊಂದು."

ಮೊದಲ ದಿನ ಕೈ ತೊಳೆಸಿದೆ. ಎರಡನೆಯ ದಿನ ಹಳದಿ ಬಣ್ಣದ ಕಾಗದ ಕೊಡುತ್ತೇನೆ ಎಂದು ಕೊಟ್ಟೆ. ಇನ್ನೊಂದು ದಿನ, ನಿದ್ದೆಯಿಂದ ಏಳುವಾಗ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ ಎಂದೆ. ಆ ಮಧ್ಯಾಹ್ನ ಯಾರೋ ಬಂದು ಕರೆದರೂ ಏಳಲಿಲ್ಲ, ಕಾಲು ಜೋಮು ಹಿಡಿದರೂ ಏಳಲಿಲ್ಲ. ಅವಳು ಕಣ್ಣು ಬಿಟ್ಟು, ನಾನಿರುವುದನ್ನು ನೋಡಿ, ಮತ್ತೆ ಕಣ್ಣು ಮುಚ್ಚಿದಳು. ನನಗೆ ಎಂ.ಎ. ಪಾಸಾದ ದಿನವೂ ಅಷ್ಟು ಸಮಾಧಾನವಾಗಿರಲಿಲ್ಲ.

ಎಂಟೋ ಒಂಬತ್ತೋ ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಸ್ರೀನ್ ಜಗಲಿಗೆ ಹೋಗಿ ತಾಯಿಯ ಕೈಯಿಂದ ಸೂಜಿ ತೆಗೆದು ಬಟ್ಟೆಗೆ ಚುಚ್ಚಿಟ್ಟು, "ಅಮ್ಮಿ, ಘರ್ ಜಾ" ಎಂದಳು, ಮನೆಗೆ ಹೋಗು ಎಂದು. ತಾಯಿ ನನ್ನ ಮುಖ ನೋಡಿದರು. ನಾನು ದೊಡ್ಡ ಮಿಸ್ ಮುಖ ನೋಡಿದೆ. ಅವರು ಹಿತ್ತಲಿಗೆ ಹೋದರು. ಪಾತ್ರೆಯ ಸದ್ದು ಕೇಳಲಿಲ್ಲ. ಅಳಲು ಹೋಗಿದ್ದರು ಎಂದು ಮುನಿಯಮ್ಮ ಹೇಳಿದಳು. ನಾನು ನೋಡಿಲ್ಲ.

ನಾಲ್ಕು ವರ್ಷ ಅಲ್ಲಿದ್ದೆ. ಆಮೇಲೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೋ ಮದುವೆಗೋ ಅವರನ್ನು ನೋಡುತ್ತಿದ್ದೆ. ಪ್ರತಿಸಲವೂ ಕೇಳಬೇಕೆಂದುಕೊಂಡು ಕೇಳದೆ ಬರುತ್ತಿದ್ದೆ. "ಆ ದಿನ ಹೇಳಿದ್ದು ಯಾರು ಮಿಸ್?" ಎಂಬ ಐದು ಪದ. 'ನೀನಲ್ಲ' ಎಂದು ಉತ್ತರ ಬಂದರೆ ಏನು ಮಾಡುವುದು ಎಂಬ ಭಯ. ನಿವೃತ್ತಿಯ ಸಮಾರಂಭದಲ್ಲಿ ಮಾತಾಡಲು ಕರೆದಾಗ ಅಂಬೆಗಾಲಿಟ್ಟ ಕಥೆ ಹೇಳಿ ಎಲ್ಲರನ್ನೂ ನಗಿಸಿ ಇಳಿದುಬಂದೆ. ನಗುವವರ ನಡುವೆ ಅವರು ನನ್ನನ್ನೇ ನೋಡುತ್ತ ಕೂತಿದ್ದರು. ಹಾಗೆಂದು ನನಗೆ ಅನ್ನಿಸಿತು.

ಹೋದ ತಿಂಗಳು ಅವರ ಶಿವಗಣಾರಾಧನೆಗೆ ಭದ್ರಾವತಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುವಲ್ಲಿ ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದರು.

"ಚಿಕ್ಕ ಮಿಸ್ ಅಲ್ವಾ? ದಪ್ಪ ಆಗಿದೀರ. ನಾನು ನಸ್ರೀನ್ ಅಮ್ಮ."

ನಸ್ರೀನ್ ಈಗ ಡಿಪ್ಲೊಮಾ ಓದುತ್ತಿದ್ದಾಳಂತೆ, ದಿನಾ ಶಿವಮೊಗ್ಗಕ್ಕೆ ಹೋಗಿ ಬರುತ್ತಾಳಂತೆ. ಮನೆಯಿಂದ ಹೊರಡುವಾಗ ಯಾವ ಬಸ್ಸಿಗೆ ಬರುತ್ತೇನೆಂದು ಹೇಳಿಯೇ ಹೋಗುತ್ತಾಳಂತೆ, ತಪ್ಪಿದರೆ ಫೋನ್ ಮಾಡುತ್ತಾಳಂತೆ. ಅವಳ ತಮ್ಮನೂ ನಮ್ಮ ಶಿಶುವಿಹಾರದಲ್ಲೇ ಓದಿದ್ದು ನನಗೆ ಗೊತ್ತಿರಲಿಲ್ಲ. ನಾನು ಬಿಟ್ಟ ಮೇಲೆ ಸೇರಿದವನು.

ಇನ್ನು ಕೇಳದಿದ್ದರೆ ಕೇಳಲು ಯಾರೂ ಉಳಿಯುವುದಿಲ್ಲ ಅನ್ನಿಸಿತು. "ಆವತ್ತು ನಸ್ರೀನ್ ಕಳೆದುಹೋಗಿದ್ಲಲ್ಲ. ನಿಮಗೆ ಆ ವಿಷಯ ಹೇಳಿದ್ದು ಯಾರು? ದೊಡ್ಡ ಮಿಸ್ ಅಲ್ವಾ?"

ಆಕೆ ವಿಚಿತ್ರವಾಗಿ ನೋಡಿದರು. "ನೀವೇ ಹೇಳಿದ್ದು! ಮರ್ತುಬಿಟ್ರಾ? ಮೊದ್ಲು ಆ ಮಿಸ್ ಬಂದು, ಮಗು ಚೆನ್ನಾಗಿದೆ, ಮೊದ್ಲು ಮಗುನ ನೋಡಿ, ಆಮೇಲೆ ಚಿಕ್ಕ ಮಿಸ್ ಒಂದು ಮಾತು ಹೇಳ್ತಾರೆ ಅಂದ್ರು. ನೀವು ಹೇಳಿದ್ರಿ. ಅರ್ಧಕ್ಕೆ ನಿಂತ್ರಿ. ಅವ್ರು 'ಹೂಂ' ಅಂದ್ರು. ಪೂರ್ತಿ ಹೇಳಿದ್ರಿ. ಆಮೇಲೆ ಇವಳ ಚೀಲ ತರೋಕೆ ಒಳಗೆ ಹೋದ್ರಿ. ಆಗ ಅವ್ರು ಹಿಂದಿನ ಗೇಟಿನ ವಿಷಯ ಹೇಳಿದ್ರು, ಅದು ನನ್ನ ತಪ್ಪು ಅಂತ."

ನಾನು ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದೆ. ಎರಡು ನೆನಪುಗಳೂ ನಿಜ. ಒಂದರ ಹಿಂದೆ ಒಂದು ನಡೆದದ್ದನ್ನು ನಾನು ಇಷ್ಟು ವರ್ಷ ಒಂದಕ್ಕೊಂದು ಎದುರು ನಿಲ್ಲಿಸಿಕೊಂಡಿದ್ದೆ.

"ಬಾಳ ಸಿಟ್ಟು ಬಂದಿತ್ತು ಮಿಸ್, ಸುಳ್ಳು ಯಾಕೆ ಹೇಳ್ಲಿ. ನಮ್ಮನೆಯವ್ರು ಬಿಡ್ಸಿಬಿಡು ಅಂದ್ರು. ಮೂರು ದಿನ ಅದೇ ಜಗಳ. ನಾನೇ ಕಳಿಸ್ತೀನಿ ಅಂದೆ. ಹೇಳ್ದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ? ಹೇಳಿದ್ರಲ್ಲ. ಅದಕ್ಕೇ ಇವಳ ತಮ್ಮನ್ನೂ ಅಲ್ಲಿಗೇ ಹಾಕಿದ್ದು." ಆಮೇಲೆ ನಕ್ಕು, "ನೀವು ಎಷ್ಟು ನಡುಗ್ತಿದ್ರಿ ಅಂದ್ರೆ, ಅವ್ರು ನಿಮ್ ಕೈ ಹಿಡ್ಕೊಂಡೇ ನಿಂತಿದ್ರು. ಹೊಸ ಮಕ್ಕಳದ್ದು ಹಿಡ್ಕೊಳ್ತಿದ್ರಲ್ಲ, ಹಂಗೆ" ಎಂದರು.

ಕೈ ಹಿಡಿದದ್ದು ನನಗೆ ಸ್ವಲ್ಪವೂ ನೆನಪಿಲ್ಲ. ಆಕೆಯದೂ ಒಂದು ನೆನಪೇ, ಅದರಲ್ಲೂ ಏನಾದರೂ ಸೇರಿರಬಹುದು, ಬಿಟ್ಟಿರಬಹುದು. ಆದರೂ ಈ ಒಂದನ್ನು ಪ್ರಶ್ನಿಸಲು ನನಗೆ ಇಷ್ಟವಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶಿವಮೊಗ್ಗ ಬರುವ ತನಕ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಯಾವ ಕೈ ಎಂದು ಕೇಳುವುದನ್ನು ಮರೆತಿದ್ದೆ.